ವರ್ಗವಾಗಿ ಬಂದ ಕುಟುಂಬ, ಮಕ್ಕಳ ಪ್ರೌಢಶಾಲೆ

ಬೇಸಿಗೆ ರಜೆ ಆರಂಭವಾಯಿತೆಂದರೆ ಸರ್ಕಾರಿ ನೌಕರರ, ಬ್ಯಾಂಕಿನವರ, ರೈಲ್ವೆಯವರ, ಆಸ್ಪತ್ರೆಯ ದಾದಿಯರ ಮನೆಗಳಲ್ಲಿ ವರ್ಗಾವಣೆಯ ಮಾತು ಶುರುವಾಗುತ್ತದೆ. 2009ರ ಡಿಸೆಂಬರ್ 30ರಂದು ಯಾದಗಿರಿ ಗುಲ್ಬರ್ಗದಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾಯಿತು. ಜಿಲ್ಲಾ ಕಚೇರಿಗಳು ಬಂದವು. ಅವುಗಳ ಹಿಂದೆಯೇ ಕುಟುಂಬಗಳೂ ಬಂದವು. ಕರಾವಳಿಯಿಂದ, ಮೈಸೂರು ಸೀಮೆಯಿಂದ, ಗಡಿಯಾಚೆಯ ತೆಲಂಗಾಣದಿಂದ ಬಂದು ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಮನೆ ಮಾಡುವವರಿಗೆ ಬಾಡಿಗೆ ಮನೆ ಸಿಗುತ್ತದೆ, ಗ್ಯಾಸು ಸಿಗುತ್ತದೆ, ಹಾಲಿನವನೂ ಸಿಗುತ್ತಾನೆ. ಏಳನೆಯದೋ ಎಂಟನೆಯದೋ ಮುಗಿಸಿದ ಮಗನೋ ಮಗಳೋ ಇದ್ದರೆ ಮಾತ್ರ ತಂದೆತಾಯಿಗೆ ನಿದ್ದೆ ಬರುವುದಿಲ್ಲ. ಊರಿನ ಗುರುತಿಲ್ಲ, ಕೇಳಿ ತಿಳಿಯಲು ನೆಂಟರಿಲ್ಲ. ಖಾಸಗಿ ಶಾಲೆಯ ಗೇಟಿಗೆ ಕಟ್ಟಿದ ಬಣ್ಣದ ಬ್ಯಾನರೇ ಎಷ್ಟೋ ಸಲ ಅವರಿಗೆ ದಾರಿ ತೋರುವ ಫಲಕವಾಗಿಬಿಡುತ್ತದೆ.

ಪ್ರಾಥಮಿಕ ಶಾಲೆಯ ಆಯ್ಕೆ ಸ್ವಲ್ಪ ಹೆಚ್ಚುಕಡಿಮೆಯಾದರೂ ತಿದ್ದಿಕೊಳ್ಳಲು ಕಾಲವಿರುತ್ತದೆ. ಪ್ರೌಢಶಾಲೆ ಹಾಗಲ್ಲ. ಎಂಟು, ಒಂಬತ್ತು, ಹತ್ತು ಎಂಬ ಮೂರೇ ವರ್ಷ. ಅದರ ತುದಿಯಲ್ಲಿ ಎಸ್ಸೆಸ್ಸೆಲ್ಸಿ. ನಡುವೆ ಮಗುವಿನ ದನಿ ಒಡೆಯುತ್ತದೆ, ಎತ್ತರ ಬೆಳೆಯುತ್ತದೆ, ಮನಸ್ಸು ಮುನಿಸು ಕಲಿಯುತ್ತದೆ. ಆ ಹೊತ್ತಿಗೇ ಹಳೆಯ ಗೆಳೆಯರನ್ನು ಬಿಟ್ಟು ಬಂದಿರುತ್ತದೆ. ಆದ್ದರಿಂದ ಈ ಆಯ್ಕೆಗೆ ಒಂದು ವಾರ ರಜೆ ಹಾಕಿ ಓಡಾಡಿದರೂ ನಷ್ಟವಿಲ್ಲ. ಈಜಿಪ್ಟಿನಿಂದ ಹಿಂದಿರುಗಿದ ಸಂತ ಜೋಸೆಫರೂ ಯೂದಾಯದಲ್ಲಿ ಈಗ ಆಳುತ್ತಿರುವವನು ಯಾರೆಂದು ತಿಳಿದುಕೊಂಡ ಮೇಲೆಯೇ ದಾರಿ ಬದಲಿಸಿ ಗಲಿಲೇಯದ ನಜರೇತಿನಲ್ಲಿ ಬಿಡಾರ ಹೂಡಿದರೆಂದು ಸಂತ ಮತ್ತಾಯರು ಬರೆದಿದ್ದಾರೆ. ಮಗುವಿಗಾಗಿ ಊರನ್ನು ವಿಚಾರಿಸಿ ನೋಡುವುದು ವಿಶ್ವಾಸದ ಕೊರತೆಯೇನಲ್ಲ.

ನೂರಕ್ಕೆ ನೂರು, ಎಷ್ಟು ಮಕ್ಕಳಲ್ಲಿ?

ಎಲ್ಲರೂ ಮೊದಲು ಕೇಳುವುದು ಫಲಿತಾಂಶವನ್ನು. ಎಸ್ಸೆಸ್ಸೆಲ್ಸಿ ಪಟ್ಟಿಯಲ್ಲಿ ನಮ್ಮ ಜಿಲ್ಲೆ ಹಿಂದಿನ ಸಾಲಿನಲ್ಲಿರುವುದು ಬಚ್ಚಿಡುವ ವಿಷಯವಲ್ಲ. 2023ರಲ್ಲಿ ರಾಜ್ಯದ ಫಲಿತಾಂಶ ಶೇ. 83.89 ಇದ್ದಾಗ ಯಾದಗಿರಿಯದು ಶೇ. 75.49, ಜಿಲ್ಲೆಗಳಲ್ಲಿ ಕೊನೆಯ ಸ್ಥಾನ. ಮರುವರ್ಷ, 2024ರಲ್ಲಿ, ರಾಜ್ಯದ್ದು ಶೇ. 73.40ಕ್ಕೆ ಇಳಿಯಿತು, ಯಾದಗಿರಿಯದು ಶೇ. 50.59ಕ್ಕೆ ಕುಸಿಯಿತು. ಸ್ಥಾನ ಅದೇ. ಒಂದೇ ವರ್ಷದಲ್ಲಿ ಮಕ್ಕಳ ಬುದ್ಧಿ ಇಷ್ಟು ಇಳಿಯಲು ಸಾಧ್ಯವೆ? ಆ ವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಇಟ್ಟು ನೇರವಾಗಿ ವೀಕ್ಷಿಸುವ ವೆಬ್‌ಕಾಸ್ಟಿಂಗ್ ಬಂದಿತ್ತು. ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದ ಮೇಲೂ ಬಂದ ಅಂಕಿ ಅದು. ಹಾಗಾಗಿ 2024ಕ್ಕಿಂತ ಹಿಂದಿನ ಫಲಿತಾಂಶವನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಂಡಿರುವ ಶಾಲೆಯಲ್ಲಿ ಅದರ ನಂತರದ ವರ್ಷಗಳದ್ದನ್ನೂ ಕೇಳಿ ನೋಡಿ.

ಇನ್ನೂ ಮುಖ್ಯವಾದ ಪ್ರಶ್ನೆ ಬೇರೊಂದಿದೆ. ಅದನ್ನು ಕೇಳುವವರು ಕಡಿಮೆ. 2025ರ ಮಾರ್ಚಿನಲ್ಲಿ ಪರೀಕ್ಷೆ ಬರೆದ ತಂಡ 2022ರ ಜೂನ್‌ನಲ್ಲಿ ಎಂಟನೆಯ ತರಗತಿಗೆ ಸೇರಿದಾಗ ಅಲ್ಲಿ ಎಷ್ಟು ಮಕ್ಕಳಿದ್ದರು? ಪರೀಕ್ಷೆ ಬರೆದವರೆಷ್ಟು? ಎಂಟರಲ್ಲಿ 60 ಮಂದಿ ಇದ್ದರು, ಪರೀಕ್ಷೆಗೆ ಕುಳಿತವರು 41, ಆ 41 ಮಂದಿಯೂ ಉತ್ತೀರ್ಣ ಎಂದಿಟ್ಟುಕೊಳ್ಳಿ. ಬ್ಯಾನರಿನಲ್ಲಿ ಶೇ. 100 ಎಂದು ಬರೆದರೆ ಸುಳ್ಳಾಗುವುದಿಲ್ಲ. ಆದರೆ ಉಳಿದ 19 ಮಂದಿ ಎಲ್ಲಿ? ಕೆಲವರ ತಂದೆಗೆ ವರ್ಗವಾಗಿರಬಹುದು, ಕೆಲವರು ಗುಳೆ ಹೋದ ಮನೆಯವರಿರಬಹುದು. ನಮ್ಮ ಜಿಲ್ಲೆಯಲ್ಲಿ ಅದು ಹೊಸದಲ್ಲ. ಮಿಕ್ಕವರಿಗೆ ಒಂಬತ್ತರ ಕೊನೆಯಲ್ಲಿ ಮೆಲ್ಲಗೆ ಕರೆದು "ಟಿ.ಸಿ. ತೆಗೆದುಕೊಂಡು ಹೋಗಿ" ಎಂದಿರಬಹುದು, ಅಥವಾ ಖಾಸಗಿ ಅಭ್ಯರ್ಥಿಯಾಗಿ ಕಟ್ಟಿಸಿರಬಹುದು. ಈ ರೂಢಿ ಎಲ್ಲ ಶಾಲೆಗಳಲ್ಲಿ ಇಲ್ಲ. ಇರುವ ಕಡೆ ಯಾರೂ ಅದನ್ನು ಫಲಕದ ಮೇಲೆ ಬರೆಯುವುದಿಲ್ಲ.

ಕುರುಬನ ಸಾಮತಿಯನ್ನು ನಾವು ಎಷ್ಟು ಸಲ ಕೇಳಿಲ್ಲ! ಆ ಕುರುಬನೂ ಲೆಕ್ಕ ಹಾಕುವವನೇ ಆಗಿದ್ದ. ನೂರರಲ್ಲಿ ತೊಂಬತ್ತೊಂಬತ್ತು ಉಳಿದಿತ್ತು. ಯಾವ ಶಾಲೆಯಾದರೂ ಪತ್ರಿಕೆಗೆ ಜಾಹೀರಾತು ಕೊಡುವಂಥ ಫಲಿತಾಂಶ. ಅವನು ಅದನ್ನು ಬಿಟ್ಟು ಒಂದನ್ನು ಹುಡುಕಿಕೊಂಡು ಹೋದ. ಇಂದು ಕೆಲವು ಕಡೆ ಲೆಕ್ಕ ಬೇರೆ: ತಪ್ಪಿಹೋದ ಕುರಿಯ ಹೆಸರನ್ನು ಹಾಜರಿ ಪುಸ್ತಕದಿಂದ ತೆಗೆದರೆ ಮಂದೆ ಮತ್ತೆ ನೂರಕ್ಕೆ ನೂರಾಗುತ್ತದೆ.

ಬೇರೆ ಊರಿನಿಂದ ಬಂದ ಕುಟುಂಬಕ್ಕೆ ಇದು ಏಕೆ ಮುಖ್ಯ? ಮೊದಲ ವರ್ಷ ಹಿಂದೆ ಬೀಳುವ ಮಗು ಹೆಚ್ಚಾಗಿ ಹೊಸದಾಗಿ ಬಂದ ಮಗುವೇ. ಜಾಣನಾಗಿದ್ದರೂ ಸರಿ, ಜೂನ್‌ನಿಂದ ಅಕ್ಟೋಬರ್‌ವರೆಗೆ ಅವನು ತಡವರಿಸುತ್ತಾನೆ. ಪ್ರಥಮ ಸ್ಥಾನ ಬಂದವಳಿಗೆ ಎಷ್ಟು ಅಂಕವೆಂದು ಕೇಳಿದರೆ ಶಾಲೆಯ ಬಗ್ಗೆ ಹೆಚ್ಚೇನೂ ತಿಳಿಯದು. ಆ ಹುಡುಗಿ ಯಾವ ಶಾಲೆಯಲ್ಲಿದ್ದರೂ ಬರುತ್ತಿದ್ದಳು. ಹಿಂದೆ ಬಿದ್ದವನಿಗೆ ಸಂಜೆ ಯಾರು ಪಾಠ ಮಾಡುತ್ತಾರೆ, ವಾರಕ್ಕೆ ಎಷ್ಟು ದಿನ, ಅದಕ್ಕೆ ಬೇರೆ ಹಣವಿದೆಯೆ ಎಂದು ಕೇಳಿ. ಮುಖ್ಯೋಪಾಧ್ಯಾಯರು ತಡಮಾಡದೆ ಶಿಕ್ಷಕರ ಹೆಸರು ಹೇಳಿದರೆ ಅದು ಒಳ್ಳೆಯ ಲಕ್ಷಣ. 2024ರಲ್ಲಿ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಸುವ ಪದ್ಧತಿ ಬಂತು. ಮೊದಲನೆಯದರಲ್ಲಿ ಬಿದ್ದವರನ್ನು ಎರಡನೆಯದಕ್ಕೆ ಶಾಲೆಯೇ ಕರೆದು ಓದಿಸುತ್ತದೆಯೆ, ಅಥವಾ ಮನೆಗೆ ಕಳುಹಿಸಿಬಿಡುತ್ತದೆಯೆ ಎಂಬುದನ್ನೂ ವಿಚಾರಿಸಬೇಕು.

ಭಾಷೆ ಎಂಬ ಗಂಟು

ನಮ್ಮ ಅನೇಕ ಪಾಲಕರು ಮಾಧ್ಯಮವನ್ನು ಮಾತ್ರ ನೋಡುತ್ತಾರೆ: ಇಂಗ್ಲಿಷ್ ಮಾಧ್ಯಮವೆ, ಕನ್ನಡ ಮಾಧ್ಯಮವೆ? ರಾಜ್ಯ ಪಠ್ಯದಲ್ಲಿ ಅದರಷ್ಟೇ ಮುಖ್ಯವಾದದ್ದು ಮೂರು ಭಾಷೆಗಳ ಜೋಡಣೆ. ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ ಪ್ರಥಮ ಭಾಷೆಗೇ 125. ಉಳಿದ ಐದು ವಿಷಯಗಳಿಗೆ ತಲಾ 100. ಅಂದರೆ ಅರ್ಧಕ್ಕಿಂತ ಹೆಚ್ಚು ಅಂಕ ಭಾಷೆಗಳದ್ದು. ಕನ್ನಡ, ಉರ್ದು, ತೆಲುಗು, ಮರಾಠಿ, ಇಂಗ್ಲಿಷ್, ಸಂಸ್ಕೃತ ಮೊದಲಾದವನ್ನು ಪ್ರಥಮ ಭಾಷೆಯಾಗಿ ತೆಗೆದುಕೊಳ್ಳಲು ಮಂಡಳಿ ಅವಕಾಶ ಕೊಟ್ಟಿದೆ. ತೃತೀಯ ಭಾಷೆಯ ಪಟ್ಟಿಯಲ್ಲಿ ಕೊಂಕಣಿ, ತುಳು ಸಹ ಇವೆ. ಆದರೆ ಮಂಡಳಿ ಕೊಟ್ಟ ಅವಕಾಶಕ್ಕೂ ಊರಿನ ಶಾಲೆಯಲ್ಲಿ ಅದನ್ನು ಕಲಿಸುವ ಶಿಕ್ಷಕರಿರುವುದಕ್ಕೂ ಬಹಳ ಅಂತರವಿದೆ. ಮಂಗಳೂರಿನಲ್ಲಿ ಕೊಂಕಣಿಯನ್ನೋ ತುಳುವನ್ನೋ ತೃತೀಯ ಭಾಷೆಯಾಗಿ ಓದುತ್ತಿದ್ದ ಹುಡುಗಿಯನ್ನು ಸುರಪುರದಲ್ಲಿ ಒಂಬತ್ತಕ್ಕೆ ಸೇರಿಸಿದರೆ ಅವಳು ಹಿಂದಿಯನ್ನು ಮೊದಲಿನಿಂದ ಹಿಡಿಯಬೇಕಾದೀತು. ಎಂಟರಲ್ಲಿ ಸೇರಿಸಿದರೆ ಮೂರು ವರ್ಷ ಸಿಗುತ್ತದೆ, ಒಂಬತ್ತರಲ್ಲಿ ಎರಡೇ. ಸಾಮಾನು ಕಟ್ಟುವ ಮೊದಲೇ ಇದನ್ನು ಫೋನಿನಲ್ಲಿ ಕೇಳಿ ತಿಳಿಯಬಹುದು.

ತೆಲಂಗಾಣದಿಂದ ಬರುವವರು ಇನ್ನೊಂದು ವಿಷಯ ಗಮನಿಸಬೇಕು. ರಾಜ್ಯದ ಎಲ್ಲ ಶಾಲೆಗಳಲ್ಲೂ, ಕೇಂದ್ರ ಪಠ್ಯದವುಗಳಲ್ಲೂ, ಕನ್ನಡವನ್ನು ಒಂದು ಭಾಷೆಯಾಗಿ ಹಂತಹಂತವಾಗಿ ಕಡ್ಡಾಯ ಮಾಡುವ ಕಾಯ್ದೆ 2015ರಲ್ಲಿ ಆಗಿದೆ. "ನಮ್ಮಲ್ಲಿ ಕನ್ನಡ ಬೇಡ ಬಿಡಿ" ಎಂದು ಯಾವ ಶಾಲೆಯಾದರೂ ಸಮಾಧಾನ ಹೇಳಿದರೆ ಆ ಮಾತಿಗೆ ಆಧಾರವೇನೆಂದು ಕೇಳಿ. ನಾಲ್ಕು ವರ್ಷವಾದರೂ ಇರುವ ಊರಿನ ಭಾಷೆ ಮಗುವಿಗೆ ಬರಲಿ ಎನ್ನುವುದು ಕಾಯ್ದೆಗಿಂತ ಮೊದಲಿನ ಮಾತು.

ಕನ್ನಡದ ಮಕ್ಕಳಿಗೂ ಇಲ್ಲಿ ಮೊದಲ ತಿಂಗಳು ಕಿವಿ ಹೊಂದಿಕೊಳ್ಳಬೇಕು. ಉಡುಪಿಯ ಮಗು ಪುಸ್ತಕದಂತೆ ಮಾತಾಡಿದರೆ ಇಲ್ಲಿಯ ಮಕ್ಕಳು ನಗುತ್ತಾರೆ. ಇಲ್ಲಿಯ ಮಕ್ಕಳು "ಸಾಲಿಗಿ ಬಾ" ಎಂದರೆ ಉಡುಪಿಯ ಮಗು ಯಾವ ಸಾಲೆಂದು ನಿಂತು ನೋಡುತ್ತದೆ. ಇದು ಹದಿನೈದು ದಿನದಲ್ಲಿ ಸರಿಹೋಗುವ ತಮಾಷೆ, ಶಿಕ್ಷಕರು ತಾವೂ ನಗದಿದ್ದರೆ.

ಫಲಕದ ಹಿಂದೆ ಏನಿದೆ

ಶಾಲೆ ದೊಡ್ಡದಾಗಿರಬಹುದು, ಒಂಬತ್ತು, ಹತ್ತನೆಯ ತರಗತಿ ನಡೆಸಲು ಅದಕ್ಕೆ ಮಾನ್ಯತೆ ಇದೆಯೆ? ಎಂಟರವರೆಗೆ ಮಾತ್ರ ಮಾನ್ಯತೆ ಪಡೆದು, ಮುಂದಿನ ಮಕ್ಕಳನ್ನು ಇನ್ನೊಂದು ಶಾಲೆಯ ಹೆಸರಿನಲ್ಲಿ ಪರೀಕ್ಷೆಗೆ ಕೂರಿಸುವ ಸಂಸ್ಥೆಗಳು ರಾಜ್ಯದಲ್ಲಿ ಇಲ್ಲದಿಲ್ಲ. ಅದನ್ನು ಪರೀಕ್ಷಿಸಲು ಸುಲಭದ ದಾರಿಯೆಂದರೆ ಹಿಂದಿನ ವರ್ಷದ ವಿದ್ಯಾರ್ಥಿಯೊಬ್ಬರ ಪ್ರವೇಶಪತ್ರ ನೋಡುವುದು. ಅದರಲ್ಲಿರುವ ಶಾಲೆಯ ಹೆಸರು ಗೇಟಿನ ಮೇಲಿನ ಹೆಸರೇ ಆಗಿರಬೇಕು. ಸಂಶಯವಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಹೋಗಿ ಮಾನ್ಯತೆಯ ಆದೇಶ ಯಾವ ವರ್ಷದವರೆಗಿದೆ ಎಂದು ಕೇಳಿ. ಹೊಸಬರೆಂದು ಸಂಕೋಚಪಡಬೇಡಿ. ಹೊಸಬರಲ್ಲದೆ ಯಾರು ಕೇಳಬೇಕು?

"ಸಿಬಿಎಸ್‌ಇ" ಎಂಬ ನಾಲ್ಕಕ್ಷರಕ್ಕೆ ಸಣ್ಣ ಊರುಗಳಲ್ಲಿ ದೊಡ್ಡ ಆಕರ್ಷಣೆಯಿದೆ. 2022-23ರಲ್ಲಿ ರಾಜ್ಯ ಸರ್ಕಾರ ಐದು ಮತ್ತು ಎಂಟನೆಯ ತರಗತಿಗಳಿಗೆ ಮಂಡಳಿ ಮಟ್ಟದ ಮೌಲ್ಯಾಂಕನ ತಂದಾಗ, ಬೆಂಗಳೂರಿನಲ್ಲೇ ಅನೇಕ ಪಾಲಕರಿಗೆ ತಮ್ಮ ಮಕ್ಕಳು ಓದುತ್ತಿದ್ದುದು ಕೇಂದ್ರ ಮಂಡಳಿಯ ಸಂಯೋಜನೆಯೇ ಇಲ್ಲದ ಶಾಲೆಯಲ್ಲಿ ಎಂಬುದು ತಿಳಿದುಬಂತು. 2023ರ ಆರಂಭದಲ್ಲಿ ಅವರು ಶಾಲೆಯ ಮುಂದೆ ಪ್ರತಿಭಟನೆಗೆ ನಿಂತರು. ರಾಜಧಾನಿಯ ವಿದ್ಯಾವಂತ ಪಾಲಕರಿಗೇ ಹೀಗಾದರೆ ನಾವು ಎಚ್ಚರವಾಗಿರುವುದು ಲೇಸು. ಕೇಂದ್ರ ಮಂಡಳಿಯ ಪ್ರತಿ ಶಾಲೆಗೂ ಒಂದು ಸಂಯೋಜನಾ ಸಂಖ್ಯೆ ಇರುತ್ತದೆ. ಅದನ್ನು ಬರೆದುಕೊಂಡು ಮಂಡಳಿಯ ಜಾಲತಾಣದಲ್ಲಿ ಹುಡುಕಿದರೆ ಐದು ನಿಮಿಷದ ಕೆಲಸ. ಇನ್ನೊಂದು ಮಾತು: ಆ ಮಂಡಳಿಯಲ್ಲಿ ಹತ್ತನೆಯ ತರಗತಿಗೆ ಸೇರಬೇಕಾದರೆ ಒಂಬತ್ತನ್ನೂ ಅದರ ಸಂಯೋಜಿತ ಶಾಲೆಯಲ್ಲೇ ಮುಗಿಸಿರಬೇಕು. ಎರಡು ವರ್ಷಕ್ಕೊಮ್ಮೆ ಊರು ಬದಲಿಸುವ ಕುಟುಂಬ ಒಂದು ಪಠ್ಯಕ್ರಮವನ್ನು ಹಿಡಿದು ಅದರಲ್ಲೇ ಉಳಿಯುವುದು ಒಳ್ಳೆಯದು.

ಅನುದಾನಿತ ಶಾಲೆಯೂ ಖಾಸಗಿಯೇ. ಅಲ್ಲಿ ಶುಲ್ಕ ಕಡಿಮೆ, ಕಟ್ಟಡ ಹಳೆಯದು. ಅನುದಾನರಹಿತದ್ದು ಹೊಳೆಯುತ್ತದೆ. ಎರಡರಲ್ಲೂ ನೋಡಬೇಕಾದದ್ದು ಗಣಿತಕ್ಕೆ, ವಿಜ್ಞಾನಕ್ಕೆ, ಪ್ರತಿ ಭಾಷೆಗೆ ಬೇರೆಬೇರೆ ಶಿಕ್ಷಕರು ಇದ್ದಾರೆಯೆ, ಅವರು ಎಷ್ಟು ವರ್ಷದಿಂದ ಅಲ್ಲಿದ್ದಾರೆ ಎಂಬುದನ್ನು. ವರ್ಷಕ್ಕೊಬ್ಬ ಗಣಿತ ಶಿಕ್ಷಕ ಬದಲಾಗುವ ಶಾಲೆಗೆ ಕಂಪ್ಯೂಟರ್ ಕೊಠಡಿ ಎಷ್ಟು ತಂಪಾಗಿದ್ದರೇನು! ನೀರು, ಶೌಚಾಲಯ ಎರಡನ್ನೂ ನೀವೇ ಹೋಗಿ ನೋಡಿ. ಹೆಣ್ಣುಮಕ್ಕಳ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಾರ್ಚಿಯ ಬಿಸಿಲು ಇಲ್ಲಿ ಮಂಗಳೂರಿನ ಬಿಸಿಲಲ್ಲ.

ಮೂರು ಊರು, ಒಂದು ದಾರಿ

ತಂದೆಯ ಕಚೇರಿ ಶಹಾಪುರದಲ್ಲಿ, ಮೆಚ್ಚಿದ ಶಾಲೆ ಯಾದಗಿರಿಯಲ್ಲಿ ಎಂಬ ಪರಿಸ್ಥಿತಿ ಸಾಮಾನ್ಯ. ನಡುವೆ ಸುಮಾರು 35 ಕಿ.ಮೀ. ದಾರಿ, ಭೀಮಾ ನದಿ. ಶಹಾಪುರದಿಂದ ಸುರಪುರಕ್ಕೆ ಇನ್ನೂ 25 ಕಿ.ಮೀ.ನಷ್ಟು. ರೈಲು ಯಾದಗಿರಿಗೆ ಮಾತ್ರ; ಉಳಿದೆರಡು ಊರುಗಳಿಗೆ ಬಸ್ಸು, ಟಂಟಂಗಳೇ ಗತಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿಲ್ಲ, ಹುಡುಗರಿಗೆ ಪಾಸು ಮಾಡಿಸಬೇಕು. ಹಣದ ಲೆಕ್ಕ ಅಷ್ಟೇ. ಆದರೆ ಹೋಗಿ ಬರುವುದರಲ್ಲಿ ದಿನಕ್ಕೆ ಎರಡು ಮೂರು ಗಂಟೆ ಕಳೆದರೆ ಅದು ಮಗುವಿನ ಆಟದಿಂದಲೂ ನಿದ್ದೆಯಿಂದಲೂ ಕಡಿತವಾಗುತ್ತದೆ. ಹತ್ತರಲ್ಲಿ ಏಳು ಸಲ, ಮನೆಯ ಹತ್ತಿರದ ಸಾಧಾರಣ ಶಾಲೆ ದೂರದ ಹೆಸರುವಾಸಿ ಶಾಲೆಗಿಂತ ಮೇಲೆಂದು ನನ್ನ ಅಭಿಪ್ರಾಯ. ದೂರದ್ದನ್ನೇ ಆರಿಸಿದರೆ ಶಾಲಾ ವಾಹನದಲ್ಲಿ ಒಂದು ದಿನ ನೀವೂ ಕೂತು ಹೋಗಿ ಬನ್ನಿ. 2020ರ ಅಕ್ಟೋಬರ್‌ನಂತೆ ಭೀಮೆ ತುಂಬಿ ಬಂದರೆ ಮಕ್ಕಳು ಎಲ್ಲಿ ನಿಲ್ಲುತ್ತಾರೆಂದು ಚಾಲಕನನ್ನೂ ಕೇಳಿಡಿ.

ಇನ್ನು ಕೆಲವರು ತಂದೆಯೊಬ್ಬರೇ ಇಲ್ಲಿಗೆ ಬಂದು ತಾಯಿ ಮಕ್ಕಳನ್ನು ಕಲಬುರಗಿಯಲ್ಲಿಯೋ ಹಳೆಯ ಊರಿನಲ್ಲಿಯೋ ಬಿಡುತ್ತಾರೆ. ಮಗು ಹತ್ತನೆಯ ತರಗತಿಯಲ್ಲಿದ್ದರೆ ಇದು ಸರಿಯಾದ ನಿರ್ಧಾರ. ಹತ್ತು ತಿಂಗಳಿಗಾಗಿ ಮಗುವನ್ನು ಬೇರು ಸಮೇತ ಕೀಳುವುದು ಬೇಡ. ಎಂಟನೆಯ ತರಗತಿಯ ಮಗುವಿಗಾಗಿ ಮೂರು ವರ್ಷ ಸಂಸಾರ ಎರಡಾಗುವುದಾದರೆ ಮತ್ತೊಮ್ಮೆ ಯೋಚಿಸಿ. ಶಾಲೆ ಕಲಿಸಲಾರದ ಎಷ್ಟೋ ಸಂಗತಿಗಳನ್ನು ಮಗು ಕಲಿಯುವುದು ರಾತ್ರಿಯ ಊಟದ ಹೊತ್ತಿನಲ್ಲಿ, ತಂದೆ ಎದುರಿಗೆ ಕೂತಿರುವಾಗ.

ಟಿ.ಸಿ., ಶುಲ್ಕ, ಹಕ್ಕು

ಶಿಕ್ಷಣ ಹಕ್ಕು ಕಾಯ್ದೆಯ ಬಗ್ಗೆ ತಪ್ಪು ಕಲ್ಪನೆಗಳು ಬಹಳ. 2009ರ ಆ ಕಾಯ್ದೆ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ, ಎಂಟನೆಯ ತರಗತಿಯವರೆಗೆ. ಹಳೆಯ ಶಾಲೆಯ ಮುಖ್ಯಸ್ಥರು ಕೇಳಿದ ಕೂಡಲೇ ಟಿ.ಸಿ. ಕೊಡಬೇಕು, ಅದು ತಡವಾಯಿತೆಂದು ಸರ್ಕಾರಿ ಅಥವಾ ಅನುದಾನಿತ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ಅನುದಾನರಹಿತ ಖಾಸಗಿ ಶಾಲೆಗೆ ಹೀಗೆ ವರ್ಗವಾಗುವ ಹಕ್ಕು ಕಾಯ್ದೆಯಲ್ಲಿಲ್ಲ. ಒಂಬತ್ತಕ್ಕೆ ಸೇರುವವರಿಗಂತೂ ಅದು ಅನ್ವಯವಾಗುವುದೇ ಇಲ್ಲ. ಆದ್ದರಿಂದ ವರ್ಗದ ಆದೇಶ ಕೈಗೆ ಬಂದ ದಿನವೇ ಟಿ.ಸಿ.ಗೆ ಅರ್ಜಿ ಕೊಡಿ. ಮಗುವಿನ ಹೆಸರು, ಜನ್ಮದಿನಾಂಕ ಎಲ್ಲ ದಾಖಲೆಗಳಲ್ಲೂ ಒಂದೇ ಇವೆಯೆ ನೋಡಿ. ಇಲಾಖೆಯ ಸ್ಯಾಟ್ಸ್ ವ್ಯವಸ್ಥೆಯಲ್ಲಿರುವ ವಿದ್ಯಾರ್ಥಿ ಸಂಖ್ಯೆಯನ್ನು ಬರೆದುಕೊಳ್ಳಿ. ಹಳೆಯ ಶಾಲೆ ಆ ಗಣಕದಲ್ಲಿ ಮಗುವನ್ನು ಬಿಟ್ಟುಕೊಡದೆ ಹೊಸ ಶಾಲೆ ಸೇರಿಸಿಕೊಳ್ಳಲಾರದು.

ವಂತಿಗೆಯ ವಸೂಲಿಯನ್ನು ರಾಜ್ಯದಲ್ಲಿ 1984ರ ಕಾಯ್ದೆಯೇ ನಿಷೇಧಿಸಿದೆ. ಕೊಟ್ಟ ಪ್ರತಿ ರೂಪಾಯಿಗೂ ರಸೀದಿ ಪಡೆಯಿರಿ. "ಅರ್ಧಕ್ಕೆ ಮಾತ್ರ ರಸೀದಿ" ಎನ್ನುವ ಶಾಲೆಯ ಪ್ರಾಮಾಣಿಕತೆ ಅಲ್ಲಿಗೇ ತಿಳಿಯಿತು. ಮಧ್ಯದಲ್ಲಿ ಮತ್ತೆ ವರ್ಗವಾದರೆ ಉಳಿದ ಶುಲ್ಕ ಹಿಂದಿರುಗಿಸುತ್ತಾರೆಯೆ ಎಂಬುದನ್ನು ಬರಹದಲ್ಲಿ ಪಡೆಯುವುದು ಒಳ್ಳೆಯದು. ನಿಮ್ಮ ಕೆಲಸವೇ ಹಾಗಿದೆ.

ಧರ್ಮಸಭೆಯ ಶಾಲೆ ಸಿಗದಿದ್ದರೆ

ಕಥೋಲಿಕ ಶಾಲೆ ಇರುವ ಊರಿಗೆ ಬಂದವರು ಸಹಜವಾಗಿ ಅಲ್ಲಿಗೇ ಹೋಗುತ್ತಾರೆ. ಹೋಗಲಿ, ಆದರೆ ಮೇಲಿನ ಪ್ರಶ್ನೆಗಳನ್ನು ಅಲ್ಲಿಯೂ ಕೇಳಬೇಕು. ಭಗಿನಿಯರು ಬೇಸರಪಡುವುದಿಲ್ಲ. ಎಂಟರಿಂದ ಎಷ್ಟು ಮಕ್ಕಳು ಹತ್ತಕ್ಕೆ ಬಂದರು ಎಂಬ ಲೆಕ್ಕವನ್ನು ನಮ್ಮ ಶಾಲೆಗಳೇ ಎಲ್ಲರಿಗಿಂತ ಮೊದಲು ತೋರಿಸುವಂತಿರಬೇಕು. 2014ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ ಶಿಕ್ಷಣ ಹಕ್ಕು ಕಾಯ್ದೆ ಅಲ್ಪಸಂಖ್ಯಾತರ ಶಾಲೆಗಳಿಗೆ ಅನ್ವಯಿಸದೆಂದು ತೀರ್ಪಿತ್ತಿತು. 2025ರ ಸೆಪ್ಟೆಂಬರಿನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ ಅದರ ಬಗ್ಗೆ ಸಂದೇಹ ವ್ಯಕ್ತಪಡಿಸಿ ವಿಷಯವನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿಟ್ಟಿತು. ನ್ಯಾಯಾಲಯ ಏನೇ ಹೇಳಲಿ, ಕಾಯ್ದೆಯಿಂದ ವಿನಾಯಿತಿ ಪಡೆದವರ ಮೇಲೆ ದುರ್ಬಲ ಮಗುವಿನ ಹೊಣೆ ಹೆಚ್ಚೇ ಹೊರತು ಕಡಿಮೆಯಲ್ಲ.

ಶಾಲೆಯನ್ನು ಆರಿಸುವ ಸ್ವಾತಂತ್ರ್ಯ ತಂದೆತಾಯಿಯದೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆ ಒಪ್ಪುತ್ತದೆ. ಕಥೋಲಿಕ ಶಿಕ್ಷಣ ಕೊಡುವ ಶಾಲೆಗೆ ಕಳುಹಿಸಿ, ಅದು ಆಗದಿದ್ದರೆ ಶಾಲೆಯ ಹೊರಗೆ ಮಗುವಿಗೆ ವಿಶ್ವಾಸದ ಬೋಧನೆ ಸಿಗುವಂತೆ ನೋಡಿಕೊಳ್ಳಿ ಎನ್ನುತ್ತದೆ ಅದರ 798ನೆಯ ವಿಧಿ. ನಮ್ಮ ಕಡೆ ಬಹುಪಾಲು ಮಕ್ಕಳಿಗೆ ಈ ಎರಡನೆಯ ದಾರಿಯೇ. ಊರಿಗೆ ಬಂದ ಮೊದಲ ಭಾನುವಾರವೇ ಧರ್ಮಗುರುಗಳನ್ನು ಕಂಡು ಧರ್ಮೋಪದೇಶದ ತರಗತಿಯ ಸಮಯ ಕೇಳಿ. ಶಾಲೆಗಳ ಬಗ್ಗೆ ಅವರಿಂದಲೇ ಬ್ಯಾನರಿಗಿಂತ ಹೆಚ್ಚು ತಿಳಿದೀತು. ಯಾರ ಮನೆಯ ಮಗು ಎಲ್ಲಿ ಓದಿ ಏನಾಯಿತೆಂದು ಅವರಿಗೆ ಗೊತ್ತಿರುತ್ತದೆ.

ಹತ್ತನೆಯ ತರಗತಿಗೆ ಭಾನುವಾರ ಬೆಳಿಗ್ಗೆ ವಿಶೇಷ ತರಗತಿ ಇಡುವ ಖಾಸಗಿ ಶಾಲೆಗಳು ಹಲವು. ಬಲಿಪೂಜೆಯ ಹೊತ್ತಿಗೇ ಅದು ಬೀಳುತ್ತದೆ. ನವೆಂಬರಿನಲ್ಲಿ ಹೋಗಿ ವಿನಾಯಿತಿ ಕೇಳಿದರೆ ಮಗುವಿಗೆ ಮುಜುಗರ, ಶಿಕ್ಷಕರಿಗೆ ಕಿರಿಕಿರಿ. ಪ್ರವೇಶದ ದಿನವೇ, ಶುಲ್ಕ ಕಟ್ಟುವ ಮೊದಲು, ಭಾನುವಾರ ಹತ್ತು ಗಂಟೆಯ ನಂತರ ಬಂದರೆ ಆಗುತ್ತದೆಯೆ ಎಂದು ಕೇಳಿ. ಹೆಚ್ಚಿನ ಮುಖ್ಯೋಪಾಧ್ಯಾಯರು ಒಪ್ಪುತ್ತಾರೆ. ಒಪ್ಪದಿದ್ದರೆ ಇನ್ನೊಂದು ಶಾಲೆಯನ್ನು ನೋಡಲು ಜೂನ್ ತಿಂಗಳು ಇನ್ನೂ ಇರುತ್ತದೆ.